ಬಾವಿಯ ಆಳ ಹೇಳಿದ ಹುಡುಗ

ಮಕ್ಕಳಿಗೆ ಮನೆಯಲ್ಲೇ ವಿದ್ಯೆ ಕಲಿಸುವುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆ ತೆರೆಯುವ ಯೋಜನೆ ಹುಟ್ಟಿದ್ದು 1868ರಲ್ಲಿ. ಅದಕ್ಕೆ ಮುಂಚೆ ಊರ ಜಗಲಿಯ ಕೂಲಿಮಠವಿತ್ತು. ಅದೂ ಇಲ್ಲದೆಡೆ ಮನೆಯಿತ್ತು. ಬಡಗಿಯ ಮಗ ಅಪ್ಪನ ಉಳಿಯ ಪಕ್ಕದಲ್ಲಿ ಕಲಿತ, ಶಾನುಭೋಗರ ಮಗ ಕಡತದ ಪಕ್ಕದಲ್ಲಿ.

ಆದರೆ ಸಕಲೇಶಪುರದಾಚೆಯ ದೋಣಿಗಲ್ಲಿನಂಥ ಊರಿನಲ್ಲಿ ತಾಯಿಯೊಬ್ಬಳು ಇಂದು "ಮಗನನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸಲೇ?" ಎಂದು ಕೇಳಿದರೆ, ಆ ಪ್ರಶ್ನೆಯ ಭಾರವೇ ಬೇರೆ. ಹುಡುಗನಿಗೆ ಹದಿನಾಲ್ಕು ವರ್ಷ. ಆಟಿಸಂ, ಅಂದರೆ ಸ್ವಲೀನತೆ, ಇದೆಯೆಂದು ವೈದ್ಯರು ಹೇಳಿದ್ದಾರೆ. ತರಗತಿಯ ಗದ್ದಲ ಅವನಿಗೆ ಸಹಿಸದು. ಆದರೆ ಕೆಟ್ಟ ಪಂಪಿನ ಸ್ಟಾರ್ಟರನ್ನು ಬಿಚ್ಚಿ ಜೋಡಿಸುತ್ತಾನೆ. ಕಂಪ್ಯೂಟರಿನ ಮುಂದೆ ಕುಳಿತರೆ ಊಟ ಮರೆಯುತ್ತಾನೆ. ಎಲ್ಲಿಂದ ಆರಂಭಿಸಬೇಕು?

ಇಂಥವರಿಗೆ ಆಟಿಸಂನ ಇತಿಹಾಸದ ಮೊದಲ ಪುಟವನ್ನೇ ತೆರೆದು ತೋರಿಸಬೇಕೆನಿಸುತ್ತದೆ. ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವಿವರ ಪ್ರಕಟಿಸಿ ಈ ಸ್ಥಿತಿಯನ್ನು ಲೋಕಕ್ಕೆ ಪರಿಚಯಿಸಿದರು. ಅವರಲ್ಲಿ ಮೊದಲನೆಯವನು ಮಿಸಿಸಿಪಿ ಪ್ರಾಂತದ ಫಾರೆಸ್ಟ್ ಎಂಬ ಪಟ್ಟಣದ ಡೊನಾಲ್ಡ್ ಟ್ರಿಪ್ಲೆಟ್; 1933ರಲ್ಲಿ ಹುಟ್ಟಿದವನು. ತಂದೆತಾಯಿ ಅವನನ್ನು 1942ರಲ್ಲಿ ಸುಮಾರು ಹತ್ತು ಮೈಲಿ ದೂರದ ರೈತ ದಂಪತಿಗಳ ಮನೆಯಲ್ಲಿ ಬಿಟ್ಟಿದ್ದರು. ಹುಡುಗನಿಗೆ ಕಂಡದ್ದನ್ನೆಲ್ಲ ಅಳೆಯುವ, ಎಣಿಸುವ ಗೀಳು. 1945ರಲ್ಲಿ ಅಲ್ಲಿಗೆ ಹೋದ ಕ್ಯಾನರ್ ಆ ದಂಪತಿಗಳ ವಿವೇಕ ಕಂಡು ಬೆರಗಾದರು. ಅಳೆಯುವ ಹುಚ್ಚೇ? ಸರಿ, ಬಾವಿ ತೋಡು, ಎಷ್ಟು ಆಳವಾಯಿತೆಂದು ಬಂದು ಹೇಳು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತೀಯೇ? ನೇಗಿಲು ಹಿಡಿದು ಉಳುತ್ತ ಎಣಿಸು. ಸತ್ತ ಹಕ್ಕಿ, ಹುಳುಗಳನ್ನು ಕೂಡಿಡುತ್ತಿದ್ದ. ಬೈಯಲಿಲ್ಲ, ಒಂದು ಮೂಲೆಯಲ್ಲಿ ಅವಕ್ಕೆ ಸ್ಮಶಾನ ಮಾಡಿ ಹೆಸರಿನ ಗುರುತು ನೆಡಲು ಬಿಟ್ಟರು. ಗೀಳನ್ನು ಬಿಡಿಸಲು ಹೋಗದೆ ಅದಕ್ಕೆ ಕೆಲಸ ಕೊಟ್ಟರು, ನೋಡಿ! ಆಮೇಲೆ ಹಳ್ಳಿಯ ಶಾಲೆಯೂ ಅವನನ್ನು ಇದ್ದಹಾಗೆಯೇ ಒಪ್ಪಿಕೊಂಡಿತು. ಡೊನಾಲ್ಡ್ 1958ರಲ್ಲಿ ಪದವಿ ಪಡೆದು ಬ್ಯಾಂಕಿನಲ್ಲಿ ದುಡಿದರು, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತರು, ದೇಶದೇಶ ಸುತ್ತಿದರು, 2023ರಲ್ಲಿ ತೀರಿಕೊಂಡರು.

ಅದೇ ಕ್ಯಾನರ್ ತಂದೆತಾಯಿಗಳ ತಣ್ಣನೆಯ ಸ್ವಭಾವದ ಮಾತನ್ನೂ ಆಡಿದ್ದರಿಂದ ಎಷ್ಟೋ ವರ್ಷ ತಾಯಂದಿರು ನಿಂದೆಗೆ ಗುರಿಯಾದರು. ಸ್ವತಃ ಇಂಥ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲಂಡ್ 1964ರ ತಮ್ಮ ಗ್ರಂಥದಲ್ಲಿ ಆ ವಾದವನ್ನು ಮುರಿದರು. ಆದರೂ ನಮ್ಮ ಕಡೆ "ತಾಯಿ ಮುದ್ದು ಮಾಡಿ ಕೆಡಿಸಿದಳು" ಎಂಬ ರೂಪದಲ್ಲಿ ಅದು ಇನ್ನೂ ತಿರುಗಾಡುತ್ತಿದೆ.

ದೋಣಿಗಲ್ಲಿನಲ್ಲಿ ಬಾವಿಗೆ ಬದಲು ಏನು? ಬೇಕಾದಷ್ಟಿದೆ. ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವುದು ಹಳೆಯ ರೂಢಿ. ಮಾರ್ಚಿ-ಏಪ್ರಿಲಿನ ಹೂಮಳೆ ಎಷ್ಟು ಸೆಂಟು ಬಿತ್ತೆಂಬುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ಆ ಪುಸ್ತಕವನ್ನು ಹುಡುಗನ ಕೈಗೆ ಕೊಡಿ. ದಿನವೂ ಅದೇ ಹೊತ್ತಿಗೆ ಅಳತೆ. ಅದರಿಂದ ಸರಾಸರಿ, ಶೇಕಡ, ನಕ್ಷೆ. ತಿಂಗಳ ಕೊನೆಗೆ ಮಳೆಯ ವರದಿ ಬರೆದರೆ ಅದೇ ಕನ್ನಡ ಪಾಠ. ಮುಂದೆ ಮಳೆಯನ್ನು ತಾನೇ ಎಣಿಸುವ ವಿದ್ಯುತ್ ಮಾಪಕವೊಂದನ್ನು ಅವನೇ ಜೋಡಿಸಿ, ಅದಕ್ಕೆ ಪ್ರೋಗ್ರಾಂ ಬರೆಯಲಿ. ರೈಲಿನ ಹುಚ್ಚಿದ್ದರೆ ದೋಣಿಗಲ್ ನಿಲ್ದಾಣವೇ ಇದೆ: 1979ರಲ್ಲಿ ತೆರೆದ ಹಾಸನ-ಮಂಗಳೂರು ದಾರಿ, ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, 50ಕ್ಕೆ 1ರ ಏರು. ತ್ರಿಕೋನಮಿತಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಯಾವ ಪುಸ್ತಕದಲ್ಲಿದೆ? (ಹಳಿಯ ಮೇಲೆ ನಡೆಯುವುದು ಮಾತ್ರ ಬೇಡ.)

ಮೊದಲ ಕೆಲವು ವಾರ ಶಾಲೆಯ ವೇಳಾಪಟ್ಟಿಯನ್ನು ಮನೆಗೆ ತರಬಾರದು. ಶಾಲೆಯಲ್ಲಿ ಬಳಲಿದ ಮನಸ್ಸು ಆರಲಿ; ತಾನಾಗಿ ಏನು ಮಾಡುತ್ತಾನೆಂದು ನೋಡಿ ಬರೆದಿಟ್ಟುಕೊಳ್ಳಿ. ಬಳಿಕ ದಿನಕ್ಕೊಂದೆರಡು ಗಂಟೆ, ಒಂದೇ ಜಾಗದಲ್ಲಿ. ನಾಳೆ ಏನಾದರೂ ಬದಲಾಗುವುದಿದ್ದರೆ ಇಂದೇ ಚೀಟಿಯಲ್ಲಿ ಬರೆದು ತಿಳಿಸಿ. ವಾರಕ್ಕೊಮ್ಮೆ ರಿಪೇರಿ ಅಂಗಡಿಗೋ ಗ್ರಂಥಾಲಯಕ್ಕೋ ಕರೆದೊಯ್ಯಿರಿ. ಡೊನಾಲ್ಡನಿಗೂ ಹೊಲವೊಂದೇ ಸಾಕಾಗಲಿಲ್ಲ.

ಒಂದು ಮಾತನ್ನು ಮರೆಮಾಚುವಂತಿಲ್ಲ. ಡೊನಾಲ್ಡನ ಮನೆಯವರು ಬ್ಯಾಂಕಿನ ಒಡೆಯರು. ದಿನಗೂಲಿಗೆ ಕಾಫಿ ಕುಯ್ಯುವ ತಾಯಿ ಮನೆಯಲ್ಲಿ ಕುಳಿತು ಪಾಠ ಹೇಳುವುದು ಹೇಗೆ? ಅವಳ ಮಗನಿಗೆ ಶಾಲೆಯೇ ಸರಿಹೋಗಬೇಕು; 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಸ್ವಲೀನತೆಯೂ ಸೇರಿದೆ, ಅದನ್ನು ಹಿಡಿದು ಕೇಳುವ ಹಕ್ಕು ಅವಳದು. ಶಿಕ್ಷಣ ಹಕ್ಕಿನ ಕಾಯಿದೆಯ 2012ರ ತಿದ್ದುಪಡಿಯೂ ತೀವ್ರ ಅಂಗವೈಕಲ್ಯವುಳ್ಳ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಕೊಟ್ಟಿದೆ.

ಪರೀಕ್ಷೆಯ ದಾರಿಯೂ ಇದೆ. ಕೇಂದ್ರ ಸರ್ಕಾರ 1989ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಮುಕ್ತ ಶಾಲೆ, ಈಗಿನ ಎನ್‌ಐಒಎಸ್, ಹದಿನಾಲ್ಕು ತುಂಬಿದವರನ್ನು ಹತ್ತನೆಯ ತರಗತಿಯ ಮಟ್ಟಕ್ಕೆ ಸೇರಿಸಿಕೊಳ್ಳುತ್ತದೆ. ಐದು ವಿಷಯ ಸಾಕು. ಒಂದೊಂದಾಗಿ, ಐದು ವರ್ಷದೊಳಗೆ ಮುಗಿಸಬಹುದು. ಸ್ವಲೀನತೆಯ ಪ್ರಮಾಣಪತ್ರವಿದ್ದರೆ ಹೆಚ್ಚಿನ ಸಮಯದಂಥ ರಿಯಾಯಿತಿಗಳೂ ಉಂಟು. ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ವಾಕ್ ಶ್ರವಣ ಸಂಸ್ಥೆಯಿದೆ. ಹೊರಡುವಾಗ ಮಗನ ಮಳೆ ಪುಸ್ತಕವೂ ಚೀಲದಲ್ಲಿರಲಿ. ಅವನು ಏನು ಬಲ್ಲ ಎಂಬುದನ್ನು ವೈದ್ಯರು ಅದರಲ್ಲೇ ಓದಬಹುದು.