ಬೇವಿನ ಕಹಿಯ ಚರಿತ್ರೆ

ಜಗಳೂರಿನ ಬಯಲಿನಲ್ಲಿ ಮಳೆ ಕೈಕೊಟ್ಟ ವರ್ಷವೂ ಹಸುರಾಗಿ ನಿಲ್ಲುವ ಮರ ಬೇವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಕಡೆ ನೀರಿನ ಆಸರೆ ಹೆಚ್ಚು. ಅಲ್ಲಿ ಬೇವಿನ ಹಿಂಡಿ ಗದ್ದೆ ತೋಟಗಳಿಗೆ ಗೊಬ್ಬರವಾಗಿ ಸಲ್ಲುತ್ತದೆ. ಕಾಳಿನ ನಡುವೆ ಒಣಗಿದ ಬೇವಿನೆಲೆಯನ್ನಿಡುವ ಪದ್ಧತಿಯಂತೂ ನಾಡಿನಲ್ಲೆಲ್ಲ ಹಳೆಯದು. ಹುಳು ಏಕೆ ದೂರ ಸರಿಯುವುದೆಂದು ನಮ್ಮ ಅಜ್ಜಿಯರು ವಿಚಾರಿಸಲಿಲ್ಲ. ಸರಿಯುವುದೆಂಬುದನ್ನು ಮಾತ್ರ ಚೆನ್ನಾಗಿ ಬಲ್ಲವರಾಗಿದ್ದರು.

1830ರಲ್ಲಿ ಸಸ್ಯಶಾಸ್ತ್ರಜ್ಞ ಜುಸ್ಯೂ ಈ ಮರದ ಕುಲಕ್ಕೆ ಅಜಾಡಿರಾಕ್ಟ ಎಂಬ ಹೆಸರನ್ನಿತ್ತನು. ‘ಸ್ವತಂತ್ರ ವೃಕ್ಷ’ವೆಂಬ ಅರ್ಥದ ಪಾರಸಿಯ ಮಾತು ಇದಕ್ಕೆ ಮೂಲ. ಈ ಹೆಸರಿನ ಸೊಗಸು ಮುಂದೆ ತಿಳಿದೀತು.

1942ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಬೇವಿನೆಣ್ಣೆಯಿಂದ ನಿಂಬಿನ್ ಮೊದಲಾದ ಕಹಿ ದ್ರವ್ಯಗಳನ್ನು ಬೇರ್ಪಡಿಸಿದರು. 1962ರಲ್ಲಿ ದೆಹಲಿಯ ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ಕದಡನ್ನು ಎರಚಿದ ಪೈರನ್ನು ಮಿಡತೆಗಳು ತಿನ್ನಲೊಲ್ಲವೆಂದು ತೋರಿಸಿದರು. 1968ರಲ್ಲಿ ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬವರು ಆ ಗುಣದ ಸಾರವಸ್ತುವಾದ ಅಜಾಡಿರಾಕ್ಟಿನ್ನನ್ನು ಬೀಜದಿಂದ ಹೊರತೆಗೆದರು. ಇದು ಕೀಟದ ಹಸಿವನ್ನು ಕೆಡಿಸುವುದಲ್ಲದೆ ಪೊರೆ ಕಳಚುವ ಕಾಲದ ಒಳರಸವನ್ನೂ ಏರುಪೇರುಮಾಡುತ್ತದೆ. ಹುಳು ಹಳೆಯ ಚರ್ಮದಲ್ಲಿಯೇ ಸಿಕ್ಕಿ ಸಾಯುತ್ತದೆ. ಇದರ ಅಣುರಚನೆ 1985ರಲ್ಲಿ ಸ್ಥಿರಪಟ್ಟಿತು. ಅದನ್ನು ಕೃತಕವಾಗಿ ಕಟ್ಟಲು ಕೇಂಬ್ರಿಜ್ಜಿನ ಲೇ ಅವರ ಬಳಗಕ್ಕೆ 22 ವರ್ಷ ಹಿಡಿದು, ಕಾರ್ಯ ಮುಗಿದುದು 2007ರಲ್ಲಿ. ಬದುವಿನ ಮರ ಅದನ್ನು ವರ್ಷವರ್ಷವೂ ಬಿಟ್ಟಿಯಾಗಿ ಮಾಡುತ್ತಿದೆ!

ಆದರೆ ಈ ವಸ್ತು ಬಿಸಿಲಿಗೆ ಬೇಗ ಕೆಡುವುದು. ಆದುದರಿಂದಲೇ ಬೀಜದ ಕಷಾಯವನ್ನು ಸಂಜೆ ಸಿಂಪಡಿಸುವುದು ಲೇಸು. ಕೆಡದಂತೆ ಕಾಯ್ದಿಡುವ ಉಪಾಯಕ್ಕೆ ಅಮೆರಿಕೆಯಲ್ಲಿ ಪೇಟೆಂಟುಗಳು ದೊರೆತುವು. 1994ರಲ್ಲಿ ಅಲ್ಲಿಯ ಕೃಷಿ ಇಲಾಖೆಗೂ ಗ್ರೇಸ್ ಕಂಪೆನಿಗೂ ಯೂರೋಪಿನ ಪೇಟೆಂಟ್ ಕಚೇರಿಯಿಂದ ಮತ್ತೊಂದು ಸನ್ನದು ಸಿಕ್ಕಿತು. ಇದು ಬೂಷ್ಟಿನ ರೋಗಗಳಿಗೆ ಬೇವಿನೆಣ್ಣೆಯನ್ನು ಬಳಸುವ ಕ್ರಮಕ್ಕೆ ಸಂಬಂಧಿಸಿದುದು; ಅಜಾಡಿರಾಕ್ಟಿನ್ನಿಗಲ್ಲ. ಸಭೆಗಳಲ್ಲಿ ಎರಡನ್ನೂ ಕಲಸಿ ಮಾತನಾಡಿದವರು ಬಹುಮಂದಿ. ಅದು ವಾದಕ್ಕೆ ಬಲ ತಂದಿತೆಂದು ನಮಗೆ ತೋರುವುದಿಲ್ಲ.

ನಿಜವಾದ ತೊಡಕು ಬೇರೆಡೆ ಇದ್ದಿತು. ಅಮೆರಿಕೆಯ ಅಂದಿನ ಕಾನೂನು ಪರದೇಶದ ಬಳಕೆಯನ್ನು, ಅದು ಬರಹಕ್ಕೆ ಇಳಿದಿದ್ದಲ್ಲದೆ, ಪೂರ್ವಜ್ಞಾನವೆಂದು ಎಣಿಸುತ್ತಿರಲಿಲ್ಲ. ಅಜ್ಜಿಯರ ವಿದ್ಯೆಗೆ ಅಚ್ಚಿನ ಸಾಕ್ಷಿ ಎಲ್ಲಿಂದ ಬರಬೇಕು? ಯೂರೋಪಿನಲ್ಲಿ ವಂದನಾ ಶಿವ ಮೊದಲಾದವರು ಆಕ್ಷೇಪಣೆ ಹೂಡಿದರು. ತಾನು ಮೊದಲೇ ಇಂತಹ ಪ್ರಯೋಗಗಳನ್ನು ನಡೆಸಿದ್ದೆನೆಂದು ಭಾರತೀಯ ಉದ್ಯಮಿಯೊಬ್ಬರು ಸಾಕ್ಷ್ಯ ನುಡಿದರು. 2000ದ ಮೇ ತಿಂಗಳಲ್ಲಿ ಆ ಸನ್ನದು ರದ್ದಾಯಿತು. 2005ರ ಮಾರ್ಚಿಯಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.