ಮಧ್ಯಮವಲ್ಲದ ಮೀಡಿಯಂಟ್

ಪಾಶ್ಚಾತ್ಯ ಸಂಗೀತಶಾಸ್ತ್ರದ ಗ್ರಂಥವೊಂದನ್ನು ಮೊದಲ ಬಾರಿ ಕೈಗೆತ್ತಿಕೊಂಡಾಗ ನಾನು ಎರಡು ತಪ್ಪುಗಳನ್ನು ಮಾಡಿದೆ. ಮೀಡಿಯಂಟ್ ಎಂದರೆ ನಡುವಿನದು, ಹಾಗಾದರೆ ಅದು ನಮ್ಮ ಮಧ್ಯಮವೇ ಎಂದುಕೊಂಡೆ. ಸಬ್‌ಡಾಮಿನೆಂಟ್ ಎಂದರೆ ಡಾಮಿನೆಂಟಿನ, ಅಂದರೆ ಪಂಚಮದ, ಕೆಳಮೆಟ್ಟಿಲು ಎಂದುಕೊಂಡೆ. ಮೊದಲನೆಯ ತಪ್ಪು ಬೇಗ ತಿದ್ದಿಹೋಯಿತು. ಎರಡನೆಯದನ್ನು ವರ್ಷಗಟ್ಟಲೆ ಇತರರಿಗೂ ಹೇಳಿಕೊಟ್ಟೆ. ಸ್ವರವೇನೋ ಸರಿಯಾಗಿಯೇ ಸಿಗುತ್ತಿತ್ತು, ಆದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ಈ ಹೆಸರುಗಳು ಮೆಟ್ಟಿಲೆಣಿಸಿ ಇಟ್ಟವಲ್ಲ. ಆಧಾರಸ್ವರವಾದ ಟಾನಿಕ್‌ನಿಂದ ಐದನೆಯ ಸ್ವರಕ್ಕೆ ಏರಿದರೆ ಡಾಮಿನೆಂಟ್. ಅಷ್ಟೇ ದೂರ ಕೆಳಗಿಳಿದರೆ ಸಬ್‌ಡಾಮಿನೆಂಟ್, ನಮ್ಮ ಮಂದ್ರ ಮಧ್ಯಮ. ಫ್ರಾನ್ಸಿನ ರಾಮೋ 1726ರ ತನ್ನ ಗ್ರಂಥದಲ್ಲಿ ಅದನ್ನು ವಿವರಿಸಿದ್ದು ಹೀಗೆಯೇ. ಮೇಲಿನ ಐದರ ನಡುವೆ ಕುಳಿತ ಗಾಂಧಾರ ಮೀಡಿಯಂಟ್. ಕೆಳಗಿನ ಐದರ ನಡುವೆ ಕುಳಿತ ಮಂದ್ರ ಧೈವತ ಸಬ್‌ಮೀಡಿಯಂಟ್. ಷಡ್ಜವು ತಕ್ಕಡಿಯ ಮುಳ್ಳು, ಎರಡು ಕಡೆಗೂ ಸಮಭಾರ.

ನಿಷಾದಕ್ಕೆ ಮಾತ್ರ ಎರಡು ಹೆಸರುಗಳುಂಟು. ಮೈನರ್ ಶ್ರೇಣಿಯ ಇತಿಹಾಸವೆಲ್ಲ ಅಲ್ಲಿ ಅಡಗಿದೆ. 1547ರಲ್ಲಿ ಸ್ವಿಸ್ ವಿದ್ವಾಂಸ ಗ್ಲಾರಿಯನ್ ಚರ್ಚಿನ 8 ಮೋಡ್‌ಗಳನ್ನು 12ಕ್ಕೆ ಏರಿಸಿದಾಗ ಏಯೋಲಿಯನ್‌ಗೂ ಸ್ಥಾನ ದೊರೆಯಿತು. ಸ್ವರಸ್ಥಾನಗಳಲ್ಲಿ ಅದು ನಮ್ಮ ನಟಭೈರವಿ. ಅದರ ಕೈಶಿಕಿ ನಿಷಾದ ಷಡ್ಜದಿಂದ ಪೂರ್ಣ ಸ್ವರದಷ್ಟು ದೂರ; ಅದು ಸಬ್‌ಟಾನಿಕ್. ವಾಕ್ಯ ಮುಗಿಯುವಲ್ಲಿ ಅದಕ್ಕೆ ಸೆಳೆತ ಸಾಲದು. ಅರ್ಧ ಸ್ವರ ಏರಿಸಿದರೆ ಷಡ್ಜಕ್ಕೆ ಕೈಹಿಡಿದು ಕರೆದೊಯ್ಯುವ ಕಾಕಲಿ ನಿಷಾದ. ಹೆಸರೂ ಲೀಡಿಂಗ್ ಟೋನ್. ಆಗ ಹುಟ್ಟಿದ್ದು ಹಾರ್ಮೋನಿಕ್ ಮೈನರ್, ನಮ್ಮ ಕೀರವಾಣಿ. ಆದರೆ ಶುದ್ಧ ಧೈವತಕ್ಕೂ ಕಾಕಲಿಗೂ ನಡುವೆ ಬಿದ್ದ ಕಂದಕ ಅಲ್ಲಿನ ಗಾಯಕರಿಗೆ ತೊಡಕಾಯಿತು. (ನಮಗೋ ಅದೇ ಸೊಗಸು!) ಧೈವತವನ್ನೂ ಏರಿಸಿ ಆರೋಹದಲ್ಲಿ ಗೌರಿಮನೋಹರಿಯಾದರು, ಇಳಿಯುವಾಗ ಷಡ್ಜದ ಸೆಳೆತವಿಲ್ಲವಲ್ಲ, ಮರಳಿ ನಟಭೈರವಿ. ಇದು ಮೆಲಾಡಿಕ್ ಮೈನರ್.

ನಾವು 20, 21, 23 ಎಂದು ಮೂರು ಮೇಳಗಳಾಗಿ ಬೇರೆ ಮನೆ ಕಟ್ಟಿಕೊಟ್ಟದ್ದನ್ನು ಅವರು ಒಂದೇ ಸೂರಿನಡಿ ಒಂದೇ ಶ್ರೇಣಿಯ ಮೂರು ನಡಿಗೆಗಳೆಂದು ಕಂಡರು. ಯಾವುದು ಹೆಚ್ಚು ಎಂಬ ವಾದದಲ್ಲಿ ನನಗೆ ಆಸಕ್ತಿಯಿಲ್ಲ. ಸ್ವರವನ್ನು ಅದರ ಸಂಬಂಧದಿಂದ ಹೆಸರಿಸುವ ಅವರ ಕ್ರಮ ನನ್ನ ಕಿವಿಯನ್ನು ತಿದ್ದಿತೆಂಬುದು ಮಾತ್ರ ನಿಜ.

ನನ್ನ ಹಳೆಯ ಟಿಪ್ಪಣಿಯಲ್ಲಿ ‘ಉಪಪಂಚಮ’ ಎಂದಿದ್ದುದನ್ನು ಹೊಡೆದು ‘ಅಧಃಪಂಚಮ’ ಎಂದು ಬರೆದುಕೊಂಡಿದ್ದೇನೆ. ನನ್ನಿಂದ ಪಾಠ ಹೇಳಿಸಿಕೊಂಡವರ ಪುಸ್ತಕಗಳಲ್ಲಿ ಹಳೆಯದೇ ಉಳಿದಿರಬೇಕು.