ಶಿಕ್ಷಕರೂ ಹೆತ್ತವರೂ: ಮರೆತುಹೋದ ಒಂದು ಬಾಂಧವ್ಯದ ಚರಿತ್ರೆ



ನಮ್ಮ ಇಗರ್ಜಿಯ ನೂರು ವರುಷಗಳ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಬಲ್ಲವರು ಬರೆದಿದ್ದಾರೆ. ಇಗರ್ಜಿಯ ಮಗ್ಗುಲಲ್ಲೇ ಬೆಳೆದುಬಂದ ಶಾಲೆಯ ಕುರಿತು, ಅದರಲ್ಲೂ ಶಿಕ್ಷಕರಿಗೂ ಹೆತ್ತವರಿಗೂ ಇರಬೇಕಾದ ಬಾಂಧವ್ಯದ ಕುರಿತು ಕೆಲವು ಮಾತುಗಳನ್ನು ಅರಿಕೆಮಾಡಬಯಸುತ್ತೇನೆ.

1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡು, ಸೆರೆಯಲ್ಲಿ ಬದುಕುಳಿದ ನಮ್ಮ ಪೂರ್ವಿಕರು ಊರಿಗೆ ಮರಳತೊಡಗಿದಾಗ, ಥಾಮಸ್ ಮನ್ರೋ ಕೆನರಾದ ಕಲೆಕ್ಟರನಾಗಿ ಬಂದನು. ಮುಂದೆ ಮದ್ರಾಸಿನ ಗವರ್ನರನಾಗಿದ್ದ ಆತನೇ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ವಿವರ ತರಿಸಿದನು. ಕೆನರಾದಲ್ಲಿ ನೆಲೆಯಾದ ಶಾಲೆಗಳಿಲ್ಲ, ಶಿಕ್ಷಣವು ಖಾಸಗಿಯಾಗಿ ನಡೆಯುತ್ತಿದೆ ಎಂಬುದು ಇಲ್ಲಿಂದ ಹೋದ ಉತ್ತರದ ಸಾರ. ಅಂದು ಕಲಿಕೆಯ ಭಾಗ್ಯವಿದ್ದವರು ಕೆಲವರೇ. ಆದರೆ ಕಲಿಸುವ ಐಗಳು ಮನೆಯ ಜಗಲಿಯಲ್ಲೇ ಕುಳಿತು ಕಲಿಸುತ್ತಿದ್ದರು. ಹೆತ್ತವರು ಅಳೆದುಕೊಟ್ಟ ಅಕ್ಕಿಯಿಂದ ಜೀವನ ಸಾಗಿಸುತ್ತಿದ್ದರು. ಮಗುವಿನ ಮನೆ ಅವರಿಗೆ ಅಪರಿಚಿತವಾಗಿರಲಿಲ್ಲ.

1854ರ ಶಿಕ್ಷಣಾಜ್ಞೆಯ ತರುವಾಯ ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನ ದೊರೆಯತೊಡಗಿತು. 1878ರ ಕೊನೆಗೆ ಯೇಸುಸಭೆಯ ಗುರುಗಳು ಮಂಗಳೂರಿಗೆ ಆಗಮಿಸಿ, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿಯೂ ಕಾಲಕ್ರಮೇಣ ಇಗರ್ಜಿಗಳ ಆಶ್ರಯದಲ್ಲಿ ಶಾಲೆಗಳು ತಲೆಯೆತ್ತಿದವು. ಗೇಣಿ ಒಕ್ಕಲುಗಳ ಮಕ್ಕಳು ಸ್ಲೇಟು ಹಿಡಿದರು. ಇದು ಮಹದುಪಕಾರವೇ ಸರಿ. ಆದರೆ ಶಿಕ್ಷಕರು ಇನ್ಸ್‌ಪೆಕ್ಟರರಿಗೂ ಸಂಚಾಲಕರಿಗೂ ಉತ್ತರ ಹೇಳಬೇಕಾದವರಾದರು. ಹೆತ್ತವರು ಶಾಲೆಯ ಮೆಟ್ಟಿಲ ಕೆಳಗೆ ನಿಂತರು. ಮನೆಯಲ್ಲಿ ಕೊಂಕಣಿ, ತುಳು, ಬ್ಯಾರಿ ಆಡುವವರಿಗೆ ಶಾಲೆಯ ಗ್ರಾಂಥಿಕ ಕನ್ನಡವೂ ಒಂದು ಗೋಡೆಯಾಯಿತು.

ಈ ಗೋಡೆಯನ್ನು ಕೆಡಹುವ ಪ್ರಯತ್ನಗಳೂ ನಡೆದಿವೆ. ಮಕ್ಕಳ ಪ್ರಥಮ ಗುರುಗಳು ಹೆತ್ತವರೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಸಾರಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 796ನೆಯ ವಿಧಿಯು ಇನ್ನೂ ಸ್ಪಷ್ಟವಾಗಿದೆ: ಶಿಕ್ಷಕರು ಹೆತ್ತವರೊಡನೆ ನಿಕಟವಾಗಿ ಸಹಕರಿಸಬೇಕು, ಅವರ ಮಾತನ್ನು ಮನಃಪೂರ್ವಕವಾಗಿ ಆಲಿಸಬೇಕು, ಅವರ ಸಂಘಗಳನ್ನೋ ಸಭೆಗಳನ್ನೋ ಏರ್ಪಡಿಸಿ ಗೌರವಿಸಬೇಕು. ಕರ್ನಾಟಕ ಸರಕಾರವು 2001ರಲ್ಲಿ ತನ್ನ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 24ನೆಯ ಕಲಮು, ಹೆತ್ತವರನ್ನು ಕ್ರಮವಾಗಿ ಕಂಡು ಮಗುವಿನ ಹಾಜರಿ ಹಾಗೂ ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯಗಳಲ್ಲೊಂದೆಂದು ವಿಧಿಸಿತು.

ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಿಂದೆ ನಾನು ಒಂದು ಶಾಲೆಯ ಸಂಚಾಲಕನಾಗಿದ್ದಾಗ, ಶಿಕ್ಷಕ-ರಕ್ಷಕ ಸಂಘದ ಸಭೆಯೆಂದರೆ ನನ್ನ ಭಾಷಣ, ಲೆಕ್ಕಪತ್ರದ ಮಂಡನೆ ಮತ್ತು ಚಹಾ. ಶಿಕ್ಷಕರು ಗೋಡೆಗೊರಗಿ ನಿಂತಿರುತ್ತಿದ್ದರು. ಬೀಡಿ ಕಟ್ಟುವ ತಾಯಂದಿರು ಹಿಂದಿನ ಬೆಂಚಿನಲ್ಲಿ ಕುಳಿತು, ಒಂದು ಮಾತನ್ನೂ ಆಡದೆ ಹಿಂದಿರುಗುತ್ತಿದ್ದರು. ಆಟಿಯ ಮಳೆಯಲ್ಲಿ ಪದೇ ಪದೇ ಗೈರುಹಾಜರಾಗುತ್ತಿದ್ದ ಬಾಲಕನೊಬ್ಬನನ್ನು ನಾವು ಸೋಮಾರಿಯೆಂದೇ ಎಣಿಸಿದ್ದೆವು. ಒಬ್ಬ ಶಿಕ್ಷಕಿ ಅವನ ಮನೆಗೆ ಹೊರಟಾಗ, ತೋಡಿನ ಮೇಲಣ ಅಡಕೆ ಮರದ ಕಾಲುಸಂಕ ನೀರಿನಲ್ಲಿ ಮುಳುಗಿತ್ತು. ಮುಂದಿನ ಸಭೆಯಲ್ಲಿ ಆಕೆ ತುಳುವಿನಲ್ಲೇ ವಿಷಯವನ್ನೆತ್ತಿದರು. ಅಂದು ಹಿಂದಿನ ಬೆಂಚು ಮೊದಲ ಬಾರಿಗೆ ಮಾತನಾಡಿತು. ವಾಳೆಯ ಗುರ್ಕಾರರೂ ಹೆತ್ತವರೂ ಕೂಡಿ ಸಂಕವನ್ನು ಎತ್ತರಿಸಿದರು. ನನ್ನ ಭಾಷಣಗಳಿಂದಾಗದ ಕಾರ್ಯ ಅದು.

ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಇದರಿಂದ ನಮ್ಮ ಹೊಣೆ ಇಳಿಯಿತೆಂದು ಯಾರೂ ಭಾವಿಸದಿರಲಿ. ನಮ್ಮ ಧರ್ಮಸಭೆಯ ಕಾನೂನು ಅದನ್ನು 1983ರಲ್ಲೇ ನಮ್ಮ ಹೆಗಲಿಗೇರಿಸಿದೆ. ದಿನಗೂಲಿ ಕಳೆದುಕೊಳ್ಳದಂತೆ ಹೆತ್ತವರಿಗೆ ಅನುಕೂಲವಾದ ವೇಳೆಯಲ್ಲಿ ಸಭೆ ಸೇರಲಿ. ಸಭೆಯಲ್ಲಿ ಮೊದಲ ಮಾತು ಶಿಕ್ಷಕರದಾಗಲಿ, ಅದು ಮಕ್ಕಳ ಕುರಿತಾಗಿರಲಿ. ಆದರೆ ಮನೆಮನೆಗೆ ಹೋಗಲು ಶಿಕ್ಷಕರಿಗೆ ಬಿಡುವು ದೊರಕಿಸುವುದು ನಮ್ಮಂಥ ಸಂಚಾಲಕರ ಧರ್ಮವೆಂಬುದನ್ನೂ ಮರೆಯಬಾರದು.

ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಧರ್ಮಕೇಂದ್ರದಲ್ಲಿ ಮನೆ ಮತ್ತು ಶಾಲೆಯ ನಡುವಣ ಕಾಲುಸಂಕ ಎಂದೂ ಮುಳುಗದಿರಲೆಂದು ದೇವರಲ್ಲಿ ಪ್ರಾರ್ಥಿಸುತ್ತೇನೆ.